ಹುಷಾರಾಗಿರ್ಬೇಕಿತ್ತು ಅನ್ನೋ ಮಾತು

ನಮ್ಮ ಕಡೆ, ಅಂದ್ರೆ ಚಳ್ಳಕೆರೆ, ಮೊಳಕಾಲ್ಮುರು ಕಡೆ, ಬಡಗಿಗಳ ಶೆಡ್ಡಿನೊಳಗೆ ಒಮ್ಮೆ ಇಣುಕಿ ನೋಡಿ. ಕೈಯಲ್ಲಿ ಹಿಡಿದು ಕೊಯ್ಯುವ ಕಟಿಂಗ್ ಮಷೀನನ್ನು ಪ್ಲೈವುಡ್ ಮೇಜಿನಡಿ ತಲೆಕೆಳಗಾಗಿ ಬಿಗಿದಿರುತ್ತಾರೆ. ಸೀಳಿನಿಂದ ಬ್ಲೇಡು ಮೇಲೆ ಬಂದಿರುತ್ತೆ. ಗಾರ್ಡ್ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ, ಅದಿದ್ದರೆ ಮಷೀನು ಮೇಜಿಗೆ ಕೂರೋದೇ ಇಲ್ಲ. ಸ್ವಿಚ್ಚು ಲಾಕ್, ಆನ್, ಆಫ್ ಎಲ್ಲ ಗೋಡೆಯಿಂದಲೇ. ಕೆಲವೇ ಸಾವಿರದಲ್ಲಿ ಟೇಬಲ್ ಸಾ ರೆಡಿ. ಜಾಣತನ ಹೌದು. ಆದರೆ ಬ್ಲೇಡಿಗೂ ಬೆರಳಿಗೂ ನಡುವೆ ಇರೋದು ಆ ಮನುಷ್ಯನ ಗಮನ ಒಂದೇ.

ಗಮನ ತಪ್ಪಿದ ದಿನ ಊರವರೆಲ್ಲ ಹೇಳೋದು ಒಂದೇ ಮಾತು: "ಹುಷಾರಾಗಿರ್ಬೇಕಿತ್ತು ಕಣಪ್ಪ." ಅವರು ಮರುಕದಿಂದಲೇ ಹೇಳ್ತಾರೆ. ನನಗೆ ಮಾತ್ರ ತೀರ್ಪು ಕೊಟ್ಟ ಹಾಗೆ ಕೇಳುತ್ತೆ.

ಅಮೆರಿಕದ ಸ್ಟೀವ್ ಗ್ಯಾಸ್, ಭೌತಶಾಸ್ತ್ರ ಓದಿ ಪೇಟೆಂಟ್ ವಕೀಲನಾಗಿದ್ದವನು, 1999ರಲ್ಲಿ ಬೇರೆ ಥರ ಯೋಚಿಸಿದ. ಬ್ಲೇಡಿಗೆ ಸಣ್ಣದೊಂದು ವಿದ್ಯುತ್ ಸಿಗ್ನಲ್ ಕೊಟ್ಟ. ಒಣ ಮರ ತಾಗಿದರೆ ಸಿಗ್ನಲ್ ಹಾಗೇ ಇರುತ್ತೆ, ಚರ್ಮ ತಾಗಿದರೆ ಬದಲಾಗುತ್ತೆ. ಬದಲಾದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿನ ಹಲ್ಲಿಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಅದನ್ನು ನಿಲ್ಲಿಸುತ್ತೆ. ಬೆರಳಿಗೆ ಆಗೋದು ತರಚು ಗಾಯ. ಮೊದಲು ಸಾಸೇಜ್ ಇಟ್ಟು ತೋರಿಸಿದ, ಆಮೇಲೆ ತನ್ನ ಬೆರಳನ್ನೇ ಇಟ್ಟ. ದೊಡ್ಡ ಕಂಪನಿಗಳು ತಗೊಳ್ಳಲಿಲ್ಲ. ಗೆಳೆಯರ ಜೊತೆ ಸೇರಿ ಸಾಸ್ಟಾಪ್ ಕಂಪನಿ ಕಟ್ಟಿದ. ಮುಂದೆ ಬಾಷ್ ಇಂಥದ್ದೇ ಗರಗಸ ತಂದಾಗ ಸಾಸ್ಟಾಪ್ ಪೇಟೆಂಟ್ ಹಿಡಿದು ಅಮೆರಿಕದಲ್ಲಿ ಅದನ್ನು ತಡೆಯಿತು. ಅದು ಬೇರೆಯದೇ ಕಥೆ, ಅದರಲ್ಲಿ ಯಾರೂ ಸಂತರಲ್ಲ.

ನನಗೆ ಹಿಡಿಸಿದ್ದು ಆ ಯಂತ್ರದ ಹಿಂದಿನ ನಂಬಿಕೆ: ಮನುಷ್ಯ ತಪ್ಪು ಮಾಡೇ ಮಾಡ್ತಾನೆ. ನಾವು ಸಾಫ್ಟ್‌ವೇರಿನವರು ಇದನ್ನು ಎಂದೋ ಒಪ್ಪಿಕೊಂಡಿದ್ದೇವೆ. ಅಂಡೂ ಇದೆ, ಬ್ಯಾಕಪ್ ಇದೆ, ಕೋಡ್ ರಿವ್ಯೂ ಇದೆ. ಡೇಟಾಬೇಸ್ ಅಳಿಸಿಹೋದರೆ ಮೀಟಿಂಗಿನಲ್ಲಿ ಯಾರ ಹೆಸರನ್ನೂ ಎತ್ತಬಾರದು, ಸಿಸ್ಟಮ್ ಯಾಕೆ ಬಿಟ್ಟುಕೊಟ್ಟಿತು ಅಂತ ಕೇಳಬೇಕು ಅನ್ನೋ ಪದ್ಧತಿ ಎಷ್ಟೋ ಕಡೆ ಇದೆ. ಒಂದು ಟೇಬಲ್ಲಿಗೆ ಇಷ್ಟು ಮರ್ಯಾದೆ. ಬಡಗಿಯ ಕೈಗೆ ಮಾತ್ರ "ಹುಷಾರು".

ಆ ಕೈಗೆ ಕಾನೂನು ಬೆಲೆ ಕಟ್ಟಿಲ್ಲ ಅಂತಲ್ಲ. 1923ರ ಪರಿಹಾರ ಕಾಯ್ದೆಯ ಅನುಸೂಚಿ ಪ್ರಕಾರ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 30 ಪರ್ಸೆಂಟ್ ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7 ಅಂತ ಇತ್ತು. ಆದರೆ ಕೊಡೋಕೆ ಒಬ್ಬ ಮಾಲೀಕ ಬೇಕಲ್ಲ? ತಾನೇ ಮಾಲೀಕ, ತಾನೇ ಕೂಲಿ ಆದವನು ಯಾರನ್ನು ಕೇಳಬೇಕು? ಗಾರ್ಡ್ ಇರಲೇಬೇಕು ಅಂದ 1948ರ ಕಾರ್ಖಾನೆ ಕಾಯ್ದೆಯೂ, ಕರೆಂಟಿನಲ್ಲಿ ನಡೆಯುವ ಕಡೆ, 10 ಜನರಾದರೂ ಇದ್ದರೆ ಅಂತ ಶುರುವಾಗುತ್ತಿತ್ತು. ಇಬ್ಬರಿರುವ ಶೆಡ್ಡು ಅದರ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಳ್ಳಿಯ ಯಂತ್ರಕ್ಕೆ ಕಾನೂನು ಬರೋದೇ ಇಲ್ಲ ಅನ್ನೋ ಹಾಗೂ ಇಲ್ಲ. ಒಕ್ಕಣೆ ಮಷೀನಿನಲ್ಲಿ ಕೈ ಕಳಕೊಂಡವರಿಗಾಗಿಯೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಅದು ರೈತನಿಗೆ ಬುದ್ಧಿ ಹೇಳುತ್ತಾ ಕೂರಲಿಲ್ಲ, ಮಷೀನ್ ಮಾಡುವವನನ್ನು ಹಿಡಿಯಿತು. ಬೆಳೆ ಹಾಕೋ ಬಾಯಿ ಉದ್ದ ಇರಬೇಕು, ಮೇಲೆ ಮುಚ್ಚಿರಬೇಕು, ಕೈ ಡ್ರಮ್ಮಿನ ತನಕ ಹೋಗಲೇಬಾರದು ಅನ್ನೋದು ಮಾನದಂಡ. ಬರೀ ತಗಡಿನ ಕೆಲಸ. ಗರಗಸಕ್ಕೂ ಇಂಥ ಅಗ್ಗದ ದಾರಿಗಳಿವೆ: ಬ್ಲೇಡಿನ ಹಿಂದೆ ತೆಳು ಲೋಹದ ಪಟ್ಟಿ, ಮರ ತಳ್ಳೋಕೆ ಒಂದು ಕೋಲು. ಮೇಜಿನಡಿ ಬಿಗಿದರೂ ಕೂರುವ ಗಾರ್ಡು ಈ ಶೆಡ್ಡುಗಳಲ್ಲಿ ಯಾಕಿಲ್ಲ ಅನ್ನೋದು ನನ್ನ ತಕರಾರು. ಜನ ಬಳಸೋದು ಹೀಗೇ ಅಂತ ಗೊತ್ತಿದ್ದೂ "ಹೀಗೆ ಬಳಸಬೇಡಿ" ಅಂತ ಮ್ಯಾನುಯಲ್ಲಿನಲ್ಲಿ ಬರೆದು ಕೈ ತೊಳಕೊಳ್ಳೋದನ್ನು ಡಿಸೈನ್ ಅನ್ನಲ್ಲ.

ರಕ್ಷಣೆ ಜಾಸ್ತಿಯಾದರೆ ಜನ ಉಡಾಫೆ ಆಗ್ತಾರೆ ಅನ್ನೋರಿದ್ದಾರೆ. ಇರಬಹುದು. ಹಾಗಂತ ಕಾರಿನ ಸೀಟ್ ಬೆಲ್ಟ್ ಕಿತ್ತುಹಾಕಿದವರನ್ನು ನಾನು ಕಂಡಿಲ್ಲ.

ದುಡ್ಡಿನ ವಾದ ಮಾತ್ರ ಗಟ್ಟಿ. ಸಾಸ್ಟಾಪ್ ಒಂದು ಸಲ ಬ್ರೇಕ್ ಹಾಕಿದರೆ ಬ್ಲೇಡು ಹೋಯ್ತು, ಸುಮಾರು 100 ಡಾಲರಿನ ಬ್ರೇಕ್ ಕಾರ್ಟ್ರಿಡ್ಜೂ ಹೋಯ್ತು. ಹಸಿ ಬೇವು ಕೊಯ್ದರೆ ಸುಮ್ಮನೆಯೂ ನಿಲ್ಲಬಹುದು. ಚಳ್ಳಕೆರೆಯ ಬಡಗಿಯೊಬ್ಬರಿಗೆ ಫೋನಿನಲ್ಲಿ ಆ ವಿಡಿಯೋ ತೋರಿಸಿದೆ. ಬೆಂಗಳೂರಿನ ಫ್ಲಾಟುಗಳಿಗೆ ಬಂದು ವಾರ್ಡ್‌ರೋಬ್ ಮಾಡಿಕೊಡೋರು. ಎರಡು ಸಲ ನೋಡಿದರು.

"ಚೆನ್ನಾಗೈತೆ ತಮ್ಮ. ನಿಮ್ಮ ಬೆಂಗ್ಳೂರ್ ಪಾರ್ಟಿಗಳ ಹತ್ರ ಚದರಡಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡ್ಸು, ಮುಂದಿನ ತಿಂಗ್ಳೇ ತಗಂತೀನಿ" ಅಂದರು.