ಮೂಕ ಜೀವಿಗಳ ಹಕ್ಕು ಮತ್ತು ಸರಕಾರದ ಕಾನೂನು

ಉಮರ್ ಬಿನ್ ಅಬ್ದುಲ್ ಅಝೀಝ್(ರಹಿ) ಖಲೀಫರಾಗಿದ್ದದ್ದು ಕ್ರಿ.ಶ. 717ರಿಂದ 720ರ ತನಕ. ಎರಡೂವರೆ ವರ್ಷವೂ ತುಂಬದ ಆಡಳಿತ. ಆ ಅಲ್ಪ ಕಾಲದಲ್ಲಿ ಅವರು ಬರೆಸಿದ ಪತ್ರಗಳಲ್ಲಿ ಒಂದು ಒಂಟೆಗಳ ಬಗ್ಗೆ ಇತ್ತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಈಜಿಪ್ಟಿನಲ್ಲಿ ಸರಕು ಸಾಗಿಸುವ ಒಂಟೆಗಳ ಮೇಲೆ ಸಾವಿರ ರತ್ಲ್‌ಗಳಷ್ಟು ಭಾರ ಹೇರುತ್ತಾರೆಂಬ ಸುದ್ದಿ ಅವರಿಗೆ ತಲುಪಿತ್ತು. ಇನ್ನು ಮುಂದೆ 600 ರತ್ಲ್‌ಗಿಂತ ಹೆಚ್ಚು ಹೊರಿಸಿದ ಸುದ್ದಿ ತನಗೆ ಬರಬಾರದೆಂದು ಅವರು ಅಲ್ಲಿನ ಅಧಿಕಾರಿಗೆ ಆಜ್ಞೆ ಕಳುಹಿಸಿದರು. ಕುದುರೆಗಳಿಗೆ ಭಾರವಾದ ಕಡಿವಾಣ ತೊಡಿಸಬಾರದು, ತುದಿಗೆ ಕಬ್ಬಿಣವಿರುವ ಕೋಲಿನಿಂದ ಪ್ರಾಣಿಗಳನ್ನು ತಿವಿಯಬಾರದು ಎಂಬುದೂ ಅವರದೇ ಆಜ್ಞೆ.

ಪ್ರಿಯ ಓದುಗರೇ, ಈ ಪತ್ರವನ್ನು ಸ್ವಲ್ಪ ಗಮನಿಸಿ ನೋಡಿ. ಪ್ರಾಣಿಗಳ ಮೇಲೆ ದಯೆ ತೋರಿಸಿ ಎಂದಷ್ಟೇ ಬರೆದಿದ್ದರೆ ಅದು ಒಂದು ಸದುಪದೇಶವಾಗುತ್ತಿತ್ತು. ಕೇಳಿದವರು ತಲೆದೂಗಿ ಮರುದಿನ ಮತ್ತೆ ಸಾವಿರ ರತ್ಲ್ ಹೇರುತ್ತಿದ್ದರು. ಖಲೀಫರು ಒಂದು ಅಂಕಿಯನ್ನು ಬರೆದರು. ಅಂಕಿ ಬರೆದ ಮೇಲೆ ತೂಗಿ ನೋಡುವವನು ಬೇಕು, ಮೀರಿದವನನ್ನು ತಡೆಯುವವನು ಬೇಕು. ಸರಕಾರವೊಂದು ಪ್ರಾಣಿಯ ಪರವಾಗಿ ಮನುಷ್ಯನ ಕೈ ಹಿಡಿಯುವುದೆಂದರೆ ಇದೇ.

ಪ್ರಾಣಿಗಳ ಸಾಕಣೆ, ಮಾರಾಟ, ಸಾಗಾಟಕ್ಕೆ ಸರಕಾರವು ನಿಯಮ ಮಾಡಿದಾಗ, ಪರವಾನಿಗೆ ಕೇಳಿದಾಗ, ಇದು ಯಾರೋ ಹೊರಗಿನವರು ನಮ್ಮ ಮೇಲೆ ಹೇರಿದ ಹೊರೆ ಎಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಆದರೆ ಪ್ರವಾದಿವರ್ಯರು(ಸ) ಮದೀನಾದ ಮಾರುಕಟ್ಟೆಯಲ್ಲಿ ಏನು ಮಾಡಿದರೆಂಬುದನ್ನು ನೋಡೋಣ. ಮಾರಾಟಕ್ಕೆ ಮುನ್ನ ಒಂಟೆ ಮತ್ತು ಆಡುಗಳನ್ನು ಕೆಲವು ದಿನ ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿ, ಹೆಚ್ಚು ಹಾಲು ಕೊಡುವ ಪ್ರಾಣಿಯೆಂದು ನಂಬಿಸುವ ಪರಿಪಾಠವಿತ್ತು. ಅವರು ಅದನ್ನು ನಿಷೇಧಿಸಿದರು. ಮೋಸಹೋದ ಗ್ರಾಹಕನು ಮೂರು ದಿನಗಳೊಳಗೆ ಪ್ರಾಣಿಯನ್ನು, ಕರೆದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರದೊಂದಿಗೆ, ಹಿಂದಿರುಗಿಸಬಹುದೆಂದು ತೀರ್ಪಿತ್ತರು. ಹೊಟ್ಟೆಯಲ್ಲಿರುವ ಮರಿಯ ಮರಿಯನ್ನು ಮುಂಗಡವಾಗಿ ಮಾರುವುದನ್ನು ತಡೆದರು. ಗಂಡು ಪ್ರಾಣಿಯನ್ನು ಹಾರಿಸಿದ್ದಕ್ಕೆ ಬಾಡಿಗೆ ವಸೂಲು ಮಾಡುವುದನ್ನೂ ತಡೆದರು. ಹೋತವನ್ನೋ ಟಗರನ್ನೋ ನೆರೆಯವನಿಗೆ ಉಚಿತವಾಗಿ ಬಿಟ್ಟುಕೊಡುವುದು ಪುಣ್ಯದ ಕೆಲಸವೆಂದು ಹಿಂದಿನವರು ತಿಳಿದಿದ್ದರು. ಈಗ ಅದಕ್ಕೂ ದರಪಟ್ಟಿ ಇದೆ! ಮೇಲಿನ ಮೂರರಲ್ಲಿ ಒಂದು ಮಾರಾಟದ ಕಾನೂನು, ಒಂದು ವ್ಯಾಪಾರದ ಕಾನೂನು, ಇನ್ನೊಂದು ತಳಿ ಸಾಕಣೆಯ ಕಾನೂನು. ನಂತರದ ಕಾಲದಲ್ಲಿ ಇವುಗಳನ್ನು ನೋಡಿಕೊಳ್ಳಲು ಮಾರುಕಟ್ಟೆಯಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿದ್ದ. ಶಕ್ತಿಮೀರಿ ಹೇರುವ ಮಾಲಕನನ್ನು ತಡೆಯುವುದು ಅವನ ಕರ್ತವ್ಯವೆಂದು ಇಮಾಮ್ ಮಾವರ್ದಿ(ರಹಿ) ಬರೆದಿದ್ದಾರೆ. ಮೇವು ಹಾಕದವನನ್ನು ಅಧಿಕಾರಿಯು ಬಲವಂತಪಡಿಸಬಹುದು. ಒಂದೋ ಮೇವು ಹಾಕು, ಇಲ್ಲವೇ ಮಾರು, ತಿನ್ನಬಹುದಾದ ಪ್ರಾಣಿಯಾದರೆ ದಬಹ್ ಮಾಡು. ಹಸಿವಿನಿಂದ ಸಾಯಿಸುವ ಹಕ್ಕು ನಿನಗಿಲ್ಲ ಎಂದು ಫಿಕ್‌ಹ್ ಗ್ರಂಥಗಳು ಹೇಳುತ್ತವೆ.

ಈಗ ನಮ್ಮ ದೇಶದ ಕಾನೂನಿಗೆ ಬರೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೇ ಇಲ್ಲಿ ತಾಯಿಬೇರು. ಅದರ 28ನೇ ಕಲಮನ್ನು ನಮ್ಮ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಯಾವುದೇ ಸಮುದಾಯದ ಧರ್ಮವು ವಿಧಿಸಿದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಈ ಕಾಯಿದೆಯಡಿ ಅಪರಾಧವಲ್ಲ ಎನ್ನುತ್ತದೆ ಆ ಕಲಮು. ಆದರೆ ವಿನಾಯಿತಿ ಇರುವುದು ಕೊಲ್ಲುವ ರೀತಿಗೆ ಮಾತ್ರ. ಸಂತೆಯಿಂದ ಚೂರಿಯ ತನಕದ ದಾರಿಯಲ್ಲಿ ಹಿಂಸಿಸುವುದಕ್ಕೆ ಕಾನೂನಿನಲ್ಲೂ ವಿನಾಯಿತಿಯಿಲ್ಲ, ಶರೀಅತ್‌ನಲ್ಲೂ ಇಲ್ಲ.

ಆ ದಾರಿಯ ಬಗ್ಗೆ 1978ರ ಪ್ರಾಣಿ ಸಾಗಾಟ ನಿಯಮಗಳಿವೆ. ಕುರಿ ಮತ್ತು ಆಡುಗಳು ಪ್ರಯಾಣಕ್ಕೆ ಯೋಗ್ಯವೆಂದು ಪಶುವೈದ್ಯರ ಪ್ರಮಾಣಪತ್ರ ಬೇಕು. ದಾರಿಗೆ ಬೇಕಾದ ಮೇವು, ನೀರು ಇರಬೇಕು. ಕಾಲು ಕಟ್ಟಿ ಕೆಡವಬಾರದು. ಸಾಮಾನ್ಯವಾಗಿ ಪ್ರಾಣಿ ಸಾಗಿಸಲು ಬಳಸುವ ನಾಲ್ಕೂವರೆ-ಐದು ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ತುಂಬಬಾರದು. ನೋಡಿ, ಇಲ್ಲಿಯೂ ಒಂದು ಅಂಕಿ! 600 ರತ್ಲ್‌ನ ಅಂಕಿಗೂ ಈ 40ರ ಅಂಕಿಗೂ ನಡುವೆ ಹದಿಮೂರು ಶತಮಾನ ಕಳೆದಿದೆ. ಪ್ರಾಣಿಯ ಬೆನ್ನು ಮಾತ್ರ ಅಂದಿನದೇ.

ಬಕ್ರೀದ್ ಸಮೀಪಿಸುವ ದಿನಗಳಲ್ಲಿ ಹೆದ್ದಾರಿಯಲ್ಲಿ ನಿಂತು ನೋಡಿ. ಲಾರಿಯಲ್ಲಿ ಎರಡು ಅಂತಸ್ತು ಮಾಡಿ ಒತ್ತೊತ್ತಾಗಿ ತುಂಬಿರುತ್ತಾರೆ. ಕೆಳಗೆ ಬಿದ್ದ ಕುರಿ ಮತ್ತೆ ಏಳಲಾರದು, ಇತರ ಕುರಿಗಳು ಅದನ್ನು ತುಳಿಯುತ್ತವೆ. ಹನ್ನೆರಡು ಗಂಟೆಯ ಪ್ರಯಾಣದಲ್ಲಿ ಒಂದು ತೊಟ್ಟು ನೀರಿಲ್ಲ. ಚೆಕ್‌ಪೋಸ್ಟಿನಲ್ಲಿ ಪ್ರಮಾಣಪತ್ರ ಕೇಳಿದರೆ ಮಾಮೂಲು ಕೊಟ್ಟು ಮುಂದೆ ಸಾಗುತ್ತಾರೆ. ಲಂಚ ಕೊಡುವವನಿಗೂ ಪಡೆಯುವವನಿಗೂ ಶಾಪವಿದೆಯೆಂಬ ಹದೀಸನ್ನು ನಾವು ಮಿಂಬರಿನಿಂದ ಹೇಳುತ್ತಲೇ ಇರುತ್ತೇವೆ. ಅಲ್ಲಾಹನ ಹೆಸರಿನಲ್ಲಿ ಅರ್ಪಿಸಲಿರುವ ಪ್ರಾಣಿಯನ್ನೇ ಆ ಹಣದಿಂದ ದಾಟಿಸುತ್ತಿದ್ದೇವಲ್ಲಾ! ಸಿಕ್ಕಿಬಿದ್ದರೂ ಭಯವಿಲ್ಲ, ಏಕೆಂದರೆ 1960ರ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಂದು ಐವತ್ತು ರೂಪಾಯಿಗೆ ಏನು ಬರುತ್ತದೆ?

ಆದರೆ ನಮ್ಮ ಲೆಕ್ಕ ಐವತ್ತು ರೂಪಾಯಿಗೆ ಮುಗಿಯುವುದಿಲ್ಲ. ಪುನರುತ್ಥಾನ ದಿನದಂದು ಹಕ್ಕುದಾರರಿಗೆ ಅವರವರ ಹಕ್ಕನ್ನು ಕೊಡಿಸಲಾಗುವುದು. ಕೊಂಬಿಲ್ಲದ ಕುರಿಗೆ ಕೊಂಬಿರುವ ಕುರಿಯಿಂದಲೂ ನ್ಯಾಯ ಕೊಡಿಸಲಾಗುವುದು ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಬುದ್ಧಿಯಿಲ್ಲದ ಎರಡು ಕುರಿಗಳ ವ್ಯಾಜ್ಯವೇ ಅಲ್ಲಿ ತೀರ್ಮಾನವಾಗುವುದಾದರೆ, ಬುದ್ಧಿಯಿದ್ದೂ ತುಂಬಿದವನ ಗತಿ ಏನು? ಬೆಕ್ಕೊಂದನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಮಹಿಳೆಯ ಕತೆಯನ್ನು ನಮ್ಮ ಮಕ್ಕಳೂ ಬಲ್ಲರು. ಅವಳ ಊರಿನಲ್ಲಿ ಅವಳ ಮೇಲೆ ಮೊಕದ್ದಮೆ ಹೂಡಿದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಜನರಿಗೆ ಈ ಕಾನೂನುಗಳ ಬಗ್ಗೆ ಸಂಶಯ ಬಂದದ್ದು ಸುಮ್ಮನೆ ಅಲ್ಲ. ಪ್ರಾಣಿದಯೆಯ ಹೆಸರು ಹೇಳಿ ದಾರಿಯಲ್ಲಿ ವಾಹನ ತಡೆದು ಮನುಷ್ಯರನ್ನು ಹೊಡೆದವರನ್ನು, ಕೊಂದವರನ್ನು ಈ ನಾಡು ಕಂಡಿದೆ. ಅಂಥವರ ಕೈಯಲ್ಲಿ ಕಾನೂನು ಬರೇ ಒಂದು ನೆಪ. 2017ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಸಂತೆಗಳಲ್ಲಿ ಕಸಾಯಿಗಾಗಿ ಜಾನುವಾರು ಮಾರುವುದನ್ನು ತಡೆದು ನಿಯಮ ತಂದಾಗ ರೈತರೂ ವ್ಯಾಪಾರಿಗಳೂ ನ್ಯಾಯಾಲಯಕ್ಕೆ ಹೋದರು. ಮದ್ರಾಸ್ ಹೈಕೋರ್ಟಿನ ಮಧುರೈ ಪೀಠವು ತಡೆಯಾಜ್ಞೆ ನೀಡಿತು. ಅದೇ ವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಅನ್ಯಾಯವೆನಿಸಿದ ನಿಯಮವನ್ನು ಎದುರಿಸುವ ದಾರಿ ಅದು. ಆದರೆ ಇತರರ ಅನ್ಯಾಯವು ನಮ್ಮ ಲಾರಿಯ ಅಡಿಯಂತಸ್ತಿನಲ್ಲಿ ತುಳಿಸಿಕೊಂಡ ಕುರಿಗೆ ಉತ್ತರವಾಗದು. ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಒಂದು ಜನತೆಯ ಮೇಲಿನ ಹಗೆಯು ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ ಎಂದು ಕುರ್‌ಆನ್ ಕಲಿಸಿದ್ದು ಇಂಥ ಸಂದರ್ಭಗಳಿಗೇ.

ಕಸಾಯಿಖಾನೆಗಳ ಬಗ್ಗೆ 2001ರಲ್ಲಿ ಬಂದ ನಿಯಮಗಳನ್ನು ಓದಿದರೆ ನಮ್ಮ ಮದ್ರಸಾ ಪಾಠವನ್ನೇ ಮತ್ತೆ ಓದಿದಂತಾಗುತ್ತದೆ. ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು ಕೊಯ್ಯಬಾರದು, ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು, ಮೂರು ತಿಂಗಳಿಗಿಂತ ಚಿಕ್ಕ ಮರಿಯಿರುವ ತಾಯಿಯನ್ನು ಕೊಯ್ಯಬಾರದು ಎಂದು ಅಲ್ಲಿದೆ. ಚೂರಿಯನ್ನು ಹರಿತಗೊಳಿಸಿ, ಪ್ರಾಣಿಗಳ ಕಣ್ಣಿನಿಂದ ಮರೆಯಾಗಿಡಿ ಎಂಬ ಆದೇಶವನ್ನು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಹಬ್ಬದ ಬೆಳಿಗ್ಗೆ ಅಂಗಳದಲ್ಲಿ ಹತ್ತು ಕುರಿ ಸಾಲಾಗಿ ಕಟ್ಟಿ, ಒಂದೊಂದಾಗಿ ಅಲ್ಲೇ ಕೊಯ್ಯುವವರಿಗೆ ಇದನ್ನು ಹೇಳುವವರು ಯಾರು?

ಮನೆಯಲ್ಲಿ ಮುದ್ದಿಗೆ ಸಾಕುವ ಪ್ರಾಣಿಗಳ ವಿಷಯ ಚಿಕ್ಕದು. ಪುಟ್ಟ ಹಕ್ಕಿಯೊಂದನ್ನು ಸಾಕಿಕೊಂಡಿದ್ದ ಅಬೂ ಉಮೈರ್ ಎಂಬ ಬಾಲಕನೊಡನೆ ಪ್ರವಾದಿವರ್ಯರು(ಸ) ವಿನೋದವಾಡಿದ್ದರು; ಆದ್ದರಿಂದ ಹಕ್ಕಿ ಸಾಕುವುದೇ ತಪ್ಪಲ್ಲ. ಆದರೆ ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧ. ಸಾಕು ಪ್ರಾಣಿಗಳ ಅಂಗಡಿಗಳು 2018ರ ನಿಯಮದಂತೆ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಮೊಬೈಲಿನಲ್ಲಿ ಫೋಟೊ ಹಾಕಿ ಹಾಲು ಬಿಡದ ಬೆಕ್ಕಿನ ಮರಿ ಮಾರುವ ನಮ್ಮ ಯುವಕರು ಒಂದು ಘಟನೆಯನ್ನು ನೆನಪಿಸಿಕೊಳ್ಳಲಿ. ಮರಿಗಳನ್ನು ಕಳಕೊಂಡು ರೆಕ್ಕೆ ಬಡಿಯುತ್ತಿದ್ದ ತಾಯಿಹಕ್ಕಿಯನ್ನು ಕಂಡು, ಅದರ ಮರಿಗಳನ್ನು ಮರಳಿಸಿರೆಂದು ಪ್ರವಾದಿವರ್ಯರು(ಸ) ಸಂಗಡಿಗರಿಗೆ ಆಜ್ಞಾಪಿಸಿದ್ದರು.

ಮತ್ತೆ ಕುರಿಗಳ ವಿಷಯ. ಈ ಸಲ ಒಟ್ಟಾಗಿ ಕುರಿ ತರಿಸುವ ಜಮಾಅತ್ ಸಮಿತಿಗಳು ದಲ್ಲಾಳಿಯೊಡನೆ ದರದ ಜೊತೆಗೆ ಇಷ್ಟನ್ನೂ ಮಾತಾಡಿಕೊಳ್ಳಲಿ: ಪಶುವೈದ್ಯರ ಪ್ರಮಾಣಪತ್ರ, ಲಾರಿಗೆ 40ರ ಮಿತಿ, ದಾರಿಯಲ್ಲಿ ನೀರು, ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಆಗಮನ. ಖರ್ಚು ಹೆಚ್ಚುತ್ತದೆಂದು ಆಕ್ಷೇಪಿಸುವವರಿದ್ದಾರೆ. ಹೌದು, ಒಂದು ಲಾರಿಯ ಬದಲು ಎರಡು ಬೇಕಾಗಬಹುದು. ಆದರೆ ಸ್ಪಷ್ಟವಾಗಿ ಕುಂಟುವ, ಸ್ಪಷ್ಟವಾಗಿ ರೋಗವಿರುವ ಪ್ರಾಣಿಯು ಕುರ್ಬಾನಿಗೆ ಸಲ್ಲದೆಂಬುದನ್ನು ಅವರೂ ಬಲ್ಲರು. ತುಂಬಿ ತುಳುಕುವ ಲಾರಿಯಿಂದ ಕಾಲು ಮುರಿದುಕೊಂಡು ಇಳಿದ ಕುರಿಯ ಬದಲು ಉಳ್ಳವನು ಬೇರೊಂದನ್ನು ಕೊಂಡು ಕೊಡಬೇಕೆಂದು ಹನಫೀ ವಿದ್ವಾಂಸರು ಬರೆದಿದ್ದಾರೆ.