ಸೊಂಟದ ಹಿಂದಿನ ಕತ್ತಿ

ತೆಂಗಿನ ಮರ ಹತ್ತುವವನಿಗೆ ಎರಡು ಕೈಯೂ ಬೇಕು, ಎರಡು ಕಾಲೂ ಬೇಕು. ಕಾಲಿಗೆ ತಳೆ ಎಂಬ ಹಗ್ಗದ ಬಳೆ, ಕೈಗೆ ಮರ. 50–60 ಅಡಿ ಏರಿದ ಮೇಲಷ್ಟೇ ಕತ್ತಿಗೆ ಕೆಲಸ. ಅಲ್ಲಿಯವರೆಗೆ ಅದು ಎಲ್ಲಿರಬೇಕು? ಬಾಯಲ್ಲಿ ಕಚ್ಚಿಕೊಂಡು ಹತ್ತುವುದು ಸಿನಿಮಾದ ಕಡಲ್ಗಳ್ಳರಿಗೆ ಸರಿ. ಮುಂದೆ ಸಿಕ್ಕಿಸಿಕೊಂಡರೆ ಮರ ತಬ್ಬಿದಾಗ ಹೊಟ್ಟೆಗೇ ಒತ್ತುತ್ತದೆ. ಪಕ್ಕಕ್ಕೆ ಕಟ್ಟಿದರೆ ಕಾಲು ಮಡಚಿದಾಗಲೆಲ್ಲ ತೊಡೆಗೆ ತಾಗುತ್ತದೆ. ಉಳಿಯುವುದು ಬೆನ್ನ ಕೆಳಗಿನ ಜಾಗ ಒಂದೇ. ಮಲೆನಾಡು, ಕರಾವಳಿಯ ಕೆಲಸಗಾರರು ಸೊಂಟಕ್ಕೆ ಬಿಗಿಯುವ ಕೊಕ್ಕೆ ಇರುವುದು ಅಲ್ಲೇ.

ಕತ್ತಿ ಬೀಸುವಾಗ ಕಣ್ಣು ಅದರ ಮೇಲಿರುತ್ತದೆ, ಮೈಯೂ ಎಚ್ಚರವಾಗಿರುತ್ತದೆ. ಸೊಪ್ಪಿನ ಮರದಲ್ಲಿ ಒಂದು ಕೊಂಬೆ ಕಡಿದಾಯಿತು, ಇನ್ನೊಂದಕ್ಕೆ ಕಾಲು ಚಾಚಬೇಕು ಎನ್ನುವ ಹೊತ್ತು ಬೇರೆ. ಆಗ ಮನಸ್ಸು ಮುಂದಿನ ಕೊಂಬೆಯ ಮೇಲಿರುತ್ತದೆ, ಕತ್ತಿ ಮಾತ್ರ ಮೈಮೇಲೇ ಇರುತ್ತದೆ. ನನಗೆ ಹೆದರಿಕೆಯಾಗುವುದು ಆ ಮರೆತ ಕತ್ತಿಯ ಬಗ್ಗೆ. ಶಿರಸಿ, ಸಾಗರದ ಕಡೆ ಅಡಿಕೆ ತೋಟಕ್ಕೆ ಹಾಕಲು ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವವರು ದಿನಕ್ಕೆ ಎಷ್ಟು ಸಲ ಹೀಗೆ ಕತ್ತಿ ತೆಗೆದು ಮತ್ತೆ ಇಡುತ್ತಾರೋ, ಲೆಕ್ಕ ಇಟ್ಟವರಿಲ್ಲ. ಅಷ್ಟು ಸಲವೂ ತಿರುಗಿ ನೋಡದೆ ಇಡಬೇಕು. ಕೊಕ್ಕೆಯ ಜಾಣ್ಮೆ ಇರುವುದು ಅದರಲ್ಲಿ. ಕೈ ಹಿಂದಕ್ಕೆ ಹೋದರೆ ಸಾಕು, ಅಲಗು ಕೆಳಗಿಳಿಯುತ್ತದೆ, ದಪ್ಪನೆಯ ಹಿಡಿ ಮೇಲೆ ಸಿಕ್ಕಿಕೊಳ್ಳುತ್ತದೆ. ಕತ್ತಿಯ ತೂಕವೇ ಅದಕ್ಕೆ ಬೀಗ. ಬಾಯಿ ಹೊರಕ್ಕಿರಬೇಕು ಎಂಬುದೊಂದೇ ನಿಯಮ, ಅದನ್ನು ಕೈ ಬೇಗ ಕಲಿತುಬಿಡುತ್ತದೆ.

ಇದಕ್ಕಿಂತ ಚರ್ಮದ ಒರೆ ಒಳ್ಳೆಯದಲ್ಲವೇ ಎಂದು ಪೇಟೆಯವರಿಗೆ ಅನ್ನಿಸಬಹುದು. ಒಣ ಸೀಮೆಯಲ್ಲಿ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುವ ಊರಲ್ಲಿ ಚರ್ಮ ನೀರು ಕುಡಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಜೊತೆಗೆ ಮರದ ಮೇಲೆ ಒಂದು ಕೈಯಲ್ಲಿ ನೇತಾಡುತ್ತಿರುವವನು ಒರೆಯ ಬಾಯಿ ಹುಡುಕುತ್ತಾ ಕೂರುವಂತಿಲ್ಲ.

ಕೊಡವರದು ಈ ಕೊಕ್ಕೆಯ ಅತ್ಯಂತ ಚೆಂದದ ರೂಪ. ಕುಪ್ಯವೆಂಬ ನಿಲುವಂಗಿಯ ಮೇಲೆ ಕಟ್ಟಿದ ಕೆಂಪು ನಡುಪಟ್ಟಿ ಚೇಲೆಯ ಮುಂಭಾಗದಲ್ಲಿ ಬೆಳ್ಳಿಯ ಕೆಲಸದ ಪೀಚೆಕತ್ತಿ, ಅದು ಒರೆಯೊಳಗೆ. ಬೆನ್ನ ಕಡೆ ತೋಡಂಗ್ ಎಂಬ ಲೋಹದ ಕೊಕ್ಕೆ, ಅದರಲ್ಲಿ ಅಗಲ ಅಲಗಿನ ಒಡಿಕತ್ತಿ, ಬರಿದೇ. ಚಿಕ್ಕದಕ್ಕೆ ಒರೆ ಇದ್ದು ದೊಡ್ಡದಕ್ಕೆ ಇಲ್ಲದಿರುವುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಕಾಡು ಸವರುತ್ತಾ ನಡೆಯುವವನಿಗೆ ತಕ್ಷಣ ಬೇಕಾದದ್ದು ದೊಡ್ಡದೇ. ಈಗ ಒಡಿಕತ್ತಿ ಹೆಚ್ಚಾಗಿ ಹೊರಬರುವುದು ಮದುವೆಯಲ್ಲಿ ಬಾಳೆ ಕಡಿಯುವಾಗ ಮತ್ತು ಸೆಪ್ಟೆಂಬರ್ ಆರಂಭದ ಆಯುಧಗಳ ಹಬ್ಬ ಕೈಲ್ ಪೋಳ್ದ್‌ಗೆ, ತೋಕ್ ಪೂ ಎಂಬ ಹೂವಿನ ಅಲಂಕಾರಕ್ಕಾಗಿ.

ಕೊಕ್ಕೆಯನ್ನು ಹೊಗಳಿದ್ದಾಯಿತು, ಅದು ಸೋಲುವ ಜಾಗವನ್ನೂ ಹೇಳಬೇಕು. ಅದು ನಡೆಯುವವನಿಗಾಗಿ, ಹತ್ತುವವನಿಗಾಗಿ ಹುಟ್ಟಿದ್ದು. ಈಗ ಕೆಲಸಕ್ಕೆ ಹೋಗುವುದು ಬೈಕಿನಲ್ಲಿ. ಮುಂದೆ ಕೂತವನ ಸೊಂಟದ ಕತ್ತಿ ಹಿಂದೆ ಕೂತವನ ಹೊಟ್ಟೆಗೆ ನೆಟ್ಟಗೆ. ಕೆಲವರು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಗುಂಡಿ ಹಾರಿದರೆ ಅದು ಪಾದದ ಮೇಲೆ ಬಂತು. ಅಡಿಕೆ ಹಾಳೆಯನ್ನು ನೆನೆಸಿ ಅಲಗಿಗೆ ಸುತ್ತಿ ದಾರ ಬಿಗಿದರೆ, ಇಲ್ಲವೇ ಹಳೆ ಸೈಕಲ್ ಟ್ಯೂಬಿನ ತುಂಡನ್ನು ಬಾಯಿಗೆ ತೊಡಿಸಿದರೆ ಐದು ನಿಮಿಷದ ಕೆಲಸ, ಖರ್ಚೂ ಇಲ್ಲ. ಆದರೂ ಮಾಡುವವರು ಕಡಿಮೆ. ಹೆಲ್ಮೆಟ್ಟಿಗೇ ಸೋಮಾರಿತನ ಮಾಡುವವರು ಕತ್ತಿಗೆ ಅಂಗಿ ಹೊಲಿಸುತ್ತಾರೆಯೇ?

ದಾರಿಯಲ್ಲಿ ಪೊಲೀಸರು ತಡೆದಾರು ಎಂಬ ಅಳುಕೂ ಕೆಲವರಿಗಿದೆ. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸಿವೆ. ಮನೆಗೆಲಸಕ್ಕೆ, ಕೃಷಿಗೆಂದೇ ಮಾಡಿದ್ದಕ್ಕೆ ಅಲ್ಲೇ ವಿನಾಯಿತಿಯೂ ಇದೆ. ಸುತ್ತಿ, ಕಟ್ಟಿ ಒಯ್ದ ಕತ್ತಿ ಕೆಲಸದ್ದೆಂದು ತಾನೇ ಹೇಳಿಕೊಳ್ಳುತ್ತದೆ.

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಎಂಬ ನಂಬಿಕೆ ಇನ್ನೂ ಇದೆ. ಜಗಳದ ಮಾತು ಹೇಗೋ, ಬೆರಳಿಗಂತೂ ಒಳ್ಳೆಯದು. ಕೆಳಗಿಡುವುದು ಸೊಪ್ಪಿನ ರಾಶಿಯ ಮೇಲೆ ಆಗಬಾರದು ಅಷ್ಟೇ. ಊಟಕ್ಕೆ ಏಳುವಾಗ ಕುಂಟೆಗೋ ಬಾಳೆದಿಂಡಿಗೋ ಕಚ್ಚಿಸಿ ಹೋದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಈ ಕೊಕ್ಕೆ, ತೋಡಂಗ್ ಎಲ್ಲ ಗಂಡಸರ ಸೊಂಟ ನೋಡಿ ಮಾಡಿದವು. ಹುಲ್ಲಿಗೆ ಹೋಗುವ ಹೆಂಗಸರ ಕುಡುಗೋಲಿಗೆ ಅಂಥ ಜಾಗ ಯಾರೂ ಯೋಚಿಸಲಿಲ್ಲ. ಅವರು ಅದನ್ನು ತಲೆಯ ಮೇಲಿನ ಹೊರೆಗೇ ಸಿಕ್ಕಿಸುತ್ತಾರೆ, ಬಾಯಿ ಹುಲ್ಲಿನೊಳಕ್ಕೆ, ಹಿಡಿ ಹೊರಕ್ಕೆ. ಎರಡು ಕೈಯೂ ಹೊರೆ ಹಿಡಿಯಲು ಬಿಡುವಾಗುತ್ತವೆ. ಇಳಿಸಲು ಕೈ ಕೊಡುವವರಿಗೆ ಮಾತ್ರ ಕುಡುಗೋಲು ಯಾವ ಬದಿಗಿದೆ ಎಂದು ಮೊದಲೇ ಹೇಳಬೇಕು.