ಕೆಸರಿಗೆ ಮೊದಲೇ

ಮಳೆ ಬಿದ್ದ ದಿನಗಳಲ್ಲಿ ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವವರು ಡ್ರೈವರನ ಎಡಗೈ ನೋಡಬೇಕು. ಟಾರು ಮುಗಿದು ಕೆಮ್ಮಣ್ಣಿನ ಏರು ಸಿಗುವ ಮೊದಲೇ ಆ ಕೈ ಗೇರಿನ ಪಕ್ಕದ ಗಿಡ್ಡ ಲಿವರಿಗೆ ಹೋಗಿರುತ್ತದೆ. ಗಾಡಿಯೂ ನಿಲ್ಲುವುದಿಲ್ಲ, ಅವನ ಮಾತೂ ನಿಲ್ಲುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಕ್ಲಚ್ ಒತ್ತಿ ಲಿವರ್ ಸರಿಸಿದರೆ ಮುಗಿಯಿತು, ಫೋರ್ ವೀಲ್ ಬಿತ್ತು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ.

ಹೊಸಬರದು ಇದಕ್ಕೆ ತದ್ವಿರುದ್ಧ. ಹಿಂದಿನ ಚಕ್ರ ಕೆಸರಿನಲ್ಲಿ ಹೂತು ಗಿರ್ರನೆ ತಿರುಗುವಾಗ ಅವರಿಗೆ ಲಿವರಿನ ನೆನಪಾಗುತ್ತದೆ. ಆಕ್ಸಿಲರೇಟರ್ ಒತ್ತಿಕೊಂಡೇ ಎಳೆಯುತ್ತಾರೆ. ಒಳಗೆ ಕರಕರ ಸದ್ದು.

ಕಾರಣ ಸರಳ. ಗಟ್ಟಿ ನೆಲದ ಮೇಲೆ ನೇರ ಓಡುವಾಗ ನಾಲ್ಕೂ ಚಕ್ರಗಳದು ಒಂದೇ ವೇಗ. ಮುಂದಿನ ಚಕ್ರಗಳ ಹಬ್ ಲಾಕ್ ಆಗಿದ್ದರೆ ಮುಂದಿನ ಶಾಫ್ಟೂ ಹಿಂದಿನದರ ಜೊತೆಗೇ ತಿರುಗುತ್ತಿರುತ್ತದೆ. ಸಮವೇಗದ ಗೇರಿನ ಹಲ್ಲುಗಳು ತಕರಾರಿಲ್ಲದೆ ಕೂಡಿಕೊಳ್ಳುತ್ತವೆ. ಹಿಂದಿನದು ಹುಚ್ಚೆದ್ದು ತಿರುಗುತ್ತ, ಮುಂದಿನದು ಅಲ್ಲಾಡದೆ ನಿಂತಿರುವಾಗ ಅವೆರಡನ್ನೂ ಜೋಡಿಸಹೊರಟರೆ ಹಲ್ಲೇ ಮುರಿದೀತು. ಕಡಿದಾದ ಏರಿಗೆ ಬೇಕಾಗುವ ಲೋ ಗೇರಿನ ಮಾತು ಬೇರೆ. ಅದಕ್ಕೆ ಸಾಮಾನ್ಯವಾಗಿ ಗಾಡಿ ನಿಲ್ಲಿಸಲೇಬೇಕು, ಇಲ್ಲವೇ ತೆವಳುವಷ್ಟು ನಿಧಾನವಾಗಬೇಕು. ಎಷ್ಟು ವೇಗದವರೆಗೆ ಏನು ಹಾಕಬಹುದೆಂದು ಆಯಾ ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ.

ಬದುಕಿನಲ್ಲೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮಗೆ ರೂಢಿ. ಗಣಿತ ತಲೆಗೆ ಹತ್ತುತ್ತಿಲ್ಲವೆಂದು ಜೂನ್ ತಿಂಗಳಲ್ಲೇ ಗೊತ್ತಾದರೂ ಹುಡುಗ ಮೇಷ್ಟ್ರ ಹತ್ತಿರ ಹೋಗುವುದು ಪರೀಕ್ಷೆ ಎದುರಿಗೆ ಬಂದಾಗ. ಆಗ ಕಲಿಸುವವರಿಗೂ ಅವಸರ, ಕಲಿಯುವವನಿಗೂ ಗಾಬರಿ. ಇಬ್ಬರ ವೇಗವೂ ಕೂಡುವುದಿಲ್ಲ. ನಮ್ಮ ಕಾಲ ಮೇಲೆ ನಾವು ನಡೆಯುತ್ತಿರುವಾಗಲೇ ಕೇಳಿದ ಸಹಾಯ ಸಲೀಸಾಗಿ ಕೂಡಿಬರುತ್ತದೆ.

ಫೋರ್ ವೀಲ್ ಹಾಕಲು ಕಲಿತವರೂ ತೆಗೆಯಲು ಮರೆಯುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಎರಡನ್ನೂ ಬಿಗಿದು ಕಟ್ಟಿದಾಗ ಒಂದು ಕಡೆ ಚಕ್ರ ಜಾರಲೇಬೇಕು. ಕೆಸರಿನಲ್ಲಿ ಜಾರುತ್ತದೆ, ತೊಂದರೆಯಿಲ್ಲ. ಒಣ ಟಾರಿನಲ್ಲಿ ಸಲೀಸಾಗಿ ಜಾರದೆ ಆ ಬಿಗಿ ಗೇರು-ಶಾಫ್ಟುಗಳ ಮೇಲೆ ಕೂರುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಟೈರು ಸವೆಯುತ್ತದೆ, ಕೊನೆಗೆ ಲಿವರೇ ಕಚ್ಚಿಕೊಂಡು ಬರುವುದಿಲ್ಲ. ಬಲ್ಲ ಡ್ರೈವರ್ ಆಗ ಬಲ ಹಾಕುವುದಿಲ್ಲ. ನೇರವಾಗಿ ಒಂದಿಷ್ಟು ಹಿಂದಕ್ಕೆ ಹೋಗುತ್ತಾನೆ. ಬಿಗಿ ಸಡಿಲಾಗಿ ಲಿವರ್ ತಾನೇ ಬಿಡುತ್ತದೆ.

ಅಂಗಡಿಯ ಬೀಗದ ಕೈ ಮಗನಿಗೆ ಕೊಟ್ಟು, ದಿನವೂ ಗಲ್ಲಾದ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುವ ಅಪ್ಪಂದಿರನ್ನು ನೋಡಿದ್ದೇವೆ. ಕಷ್ಟದ ವರ್ಷಗಳಲ್ಲಿ ಆ ಆಸರೆಯೇ ಅಂಗಡಿಯನ್ನು ಉಳಿಸಿತ್ತು, ನಿಜ. ಆದರೆ ಮಗ ಹೊಸ ದಾರಿಗೆ ಹೊರಳುವಾಗ ಅವನಿಗೆ ಹಾಕಬೇಕಾದ ಸುತ್ತು ಬೇರೆ. ಅಪ್ಪನ ಹೆಜ್ಜೆಗೇ ಅವನನ್ನು ಕಟ್ಟಿದರೆ ಇಬ್ಬರೂ ಸವೆಯುತ್ತಾರೆ. ಒಂದಿಷ್ಟು ಹಿಂದೆ ಸರಿದರೆ ಅಪ್ಪನ ಮರ್ಯಾದೆಗೇನೂ ಕುಂದಿಲ್ಲ.

ಇನ್ನೊಂದು ಭ್ರಮೆಯೂ ಬೇಡ. ಫೋರ್ ವೀಲ್ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ಬ್ರೇಕಿನ ಕೆಲಸ ಮಾಡುವುದಿಲ್ಲ. ಜಾರುವ ಇಳಿಜಾರಿನಲ್ಲಿ ಅದನ್ನು ನಂಬಿ ವೇಗ ಹೆಚ್ಚಿಸಿದವರು ಚರಂಡಿಗೆ ಇಳಿದಿದ್ದಾರೆ. ಬೆಂಬಲ ಇದೆಯೆಂದು ಎಚ್ಚರ ಬಿಡಬಾರದು.

ಇವತ್ತು ನಿಮ್ಮ ದಾರಿಯಲ್ಲಿ ಮುಂದೆ ಕೆಸರು ಕಾಣುತ್ತಿದ್ದರೆ ಈಗಲೇ ಒಬ್ಬರನ್ನು ಕೇಳಿ. ಕೆಸರು ದಾಟಿ ಆಗಿದ್ದರೆ, ಹಿಡಿದ ಕೈಯನ್ನು ಕೃತಜ್ಞತೆಯಿಂದ ಬಿಡಿ.